‘ನಾಲ್ಕು ಬಿಟ್ಟರೆ ಸರಿ ಹೋಗ್ತಾರೆ’ ಅನ್ನೋ ಮನವಿಗೆ ಸಹಿ ಹಾಕಲಾ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಆರು ತಿಂಗಳಿಂದ ಹುಡುಗರ ಎರಡು ಗುಂಪು ಬಡಿದಾಡಿಕೊಳ್ಳುತ್ತಿವೆ. ಹೋದ ತಿಂಗಳು ರಾತ್ರಿ ಹತ್ತೂವರೆಗೆ ಒಬ್ಬ ಹುಡುಗನಿಗೆ ಚಾಕು ಹಾಕಿದರು, ಪುಣ್ಯಕ್ಕೆ ಬದುಕಿಕೊಂಡ. ಈಗ ನಿವಾಸಿಗಳ ಸಂಘದವರು ಪೊಲೀಸರಿಗೆ ಮನವಿ ಬರೆದಿದ್ದಾರೆ. ವಿಶೇಷ ಪಡೆ ಹಾಕಿ, ಅನುಮಾನ ಬಂದವರನ್ನೆಲ್ಲ ಎತ್ತಿಕೊಂಡು ಹೋಗಿ, ಕಠಿಣ ಕ್ರಮ ತಗೊಳ್ಳಿ ಅಂತ. ‘ನಾಲ್ಕು ಬಿಟ್ಟರೆ ಸರಿ ಹೋಗ್ತಾರೆ’ ಅನ್ನುವುದು ಎಲ್ಲರ ಮಾತು. ಸಂಘದ ಕಾರ್ಯದರ್ಶಿ ನಾನು, ನನ್ನ ಸಹಿ ಇಲ್ಲದೆ ಮನವಿ ಹೋಗುವುದಿಲ್ಲ. ನನ್ನ ಮಗನಿಗೆ 19 ವರ್ಷ. ರಾತ್ರಿ ಪಾಳಿ ಮುಗಿಸಿ ಅದೇ ತಿರುವಿನಲ್ಲಿ ನಡೆದುಕೊಂಡು ಬರುತ್ತಾನೆ. ‘ಎತ್ತಿಕೊಂಡು ಹೋಗೋರಿಗೆ ಇವನು ಯಾರು ಅಂತ ಗೊತ್ತಿರುತ್ತಾ?’ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಹೊಡೆತದಿಂದ ಹಿಂಸೆ ನಿಲ್ಲುವುದು ನಿಜವೇ? ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಸಹಿಯ ವಿಚಾರ, ಆದರೆ ಒಳಗಿನ ಸಂಕಟ ಬೇರೆ. ಮಗ ಚಾಕು ಹಿಡಿದವನ ಕೈಗೆ ಸಿಗಬಾರದು, ಅವನನ್ನು ಹುಡುಕಿಕೊಂಡು ಬಂದವರ ಕೈಗೂ ಸಿಗಬಾರದು. ಎರಡೂ ನ್ಯಾಯವಾದ ಭಯವೇ. ಸಂಘದವರಿಗೆ ಮೊದಲನೆಯದು ಕಾಣುತ್ತಿದೆ, ನಿಮ್ಮ ಮನೆಯವರಿಗೆ ಎರಡನೆಯದು. ಇಬ್ಬರಲ್ಲಿ ಯಾರೂ ತಪ್ಪಲ್ಲ. ತಪ್ಪಿರುವುದು ಮನವಿಯ ಒಕ್ಕಣೆ.

ನಾನು ಪೊಲೀಸನಲ್ಲ, ರಾಜ್ಯಶಾಸ್ತ್ರದವನು. ಪೊಲೀಸರು ಯಾವಾಗ ಕೈ ಎತ್ತುತ್ತಾರೆ, ಎತ್ತಿದ ಮೇಲೆ ಬೀದಿಯಲ್ಲಿ ಹಿಂಸೆ ಇಳಿಯುತ್ತದಾ ಏರುತ್ತದಾ ಅಂತ ನೋಡುವುದೇ ನನ್ನ ಕೆಲಸ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೊಲೀಸರೇ ಬೇಡ ಅನ್ನುವ ಪಾರ್ಟಿ ನಾನಲ್ಲ. ಬಲ ಬಳಸುವ ಹಕ್ಕು ಸರ್ಕಾರಕ್ಕೆ ಮಾತ್ರ ಇರಬೇಕು, ಇಲ್ಲದಿದ್ದರೆ ಅದು ಸರ್ಕಾರವೇ ಅಲ್ಲ ಅಂತ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರಲ್ಲೇ ಹೇಳಿದ್ದ. ಅದನ್ನು ಎಲ್ಲರೂ ಪಾಠ ಒಪ್ಪಿಸುತ್ತಾರೆ. ಆದರೆ ಅವನು ಇನ್ನೊಂದು ಪದವನ್ನೂ ಸೇರಿಸಿದ್ದ, ‘ನ್ಯಾಯಬದ್ಧ’ ಅಂತ. ಅದನ್ನು ಮಾತ್ರ ಸುಮ್ನೆ ಬಿಟ್ಟುಬಿಡುತ್ತಾರೆ.

ಸರಿ, ಒಂದೊಂದಾಗಿ ನೋಡೋಣ. ಜಾಸ್ತಿ ಪೊಲೀಸರು ಬಂದರೆ ಹಿಂಸೆ ಕಡಿಮೆ ಆಗುತ್ತದಾ? ಅವರು ಎಲ್ಲಿ ನಿಲ್ಲುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972ರಿಂದ 73ರವರೆಗೆ ಒಂದು ಪ್ರಯೋಗ ಮಾಡಿದರು. ಹದಿನೈದು ಬೀಟ್‌ಗಳನ್ನು, ಅಂದರೆ ಗಸ್ತಿನ ಪ್ರದೇಶಗಳನ್ನು, ಮೂರು ಗುಂಪು ಮಾಡಿ, ಐದು ಕಡೆ ಗಸ್ತನ್ನೇ ನಿಲ್ಲಿಸಿದರು, ಐದು ಕಡೆ ಎರಡು ಮೂರು ಪಟ್ಟು ಹೆಚ್ಚಿಸಿದರು, ಉಳಿದ ಐದು ಕಡೆ ಮೊದಲಿನ ಹಾಗೇ ಬಿಟ್ಟರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಇನ್ನೂ ತಮಾಷೆ ಅಂದರೆ ಗಸ್ತು ಏರಿದ್ದೋ ಇಳಿದದ್ದೋ ಹೆಚ್ಚಿನ ಜನರಿಗೆ ಗೊತ್ತೇ ಆಗಲಿಲ್ಲ! ಅಂದರೆ ಜೀಪು ಸುಮ್ನೆ ಊರೆಲ್ಲ ಸುತ್ತಿದರೆ ಪೆಟ್ರೋಲ್ ಖರ್ಚು, ಅಷ್ಟೇ.

ಆಮೇಲೆ ಸಂಶೋಧಕರು ಬೇರೆ ಥರ ಯೋಚನೆ ಮಾಡಿದರು. ಅಮೆರಿಕದ್ದೇ ಆದ ಮಿನಿಯಾಪೊಲಿಸ್ ನಗರದ ಒಂದು ವರ್ಷದ ದೂರಿನ ಕರೆಗಳನ್ನು ವಿಳಾಸದ ಪ್ರಕಾರ ಜೋಡಿಸಿ ನೋಡಿದಾಗ, ನೂರಕ್ಕೆ ಮೂರು ವಿಳಾಸಗಳಿಂದಲೇ ಅರ್ಧದಷ್ಟು ಕರೆ ಬಂದಿದ್ದವು. ಹಿಂಸೆ ಬಡಾವಣೆ ತುಂಬ ಸಮನಾಗಿ ಹರಡಿಕೊಂಡಿರುವುದಿಲ್ಲ. ಒಂದು ತಿರುವು, ಒಂದು ಬಾರಿನ ಬಾಗಿಲು, ಒಂದು ಬಸ್ ಸ್ಟಾಪು. ಅದೂ ಇಡೀ ದಿನ ಅಲ್ಲ, ಕೆಲವೇ ಗಂಟೆ. ಅಂಥ ಜಾಗಗಳಲ್ಲಿ ಪೊಲೀಸರು ಆಗಾಗ ಬಂದು ನಿಂತು ಹೋದರೆ ಗಲಾಟೆ ಇಳಿಯುತ್ತದೆ ಅಂತ ಆಮೇಲಿನ ಹಲವು ಪ್ರಯೋಗಗಳು ತೋರಿಸಿದವು. ಎಲ್ಲ ಕಡೆ ಒಂದೇ ಥರ ಅಲ್ಲ. ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 2016ರಲ್ಲಿ ಹೆಚ್ಚು ಅಪರಾಧ ನಡೆಯುವ 1,919 ಬೀದಿ ತುಂಡುಗಳನ್ನು ಗುರುತಿಸಿ, ಅದರಲ್ಲಿ ಕೆಲವು ಕಡೆ ಗಸ್ತಿನ ಸಮಯವನ್ನು ಹೆಚ್ಚು ಕಡಿಮೆ ದುಪ್ಪಟ್ಟು ಮಾಡಿದಾಗ, ಕಳ್ಳತನ ಪಕ್ಕದ ಬೀದಿಗಳಿಗೆ ಜಾರಿಕೊಂಡಿತು, ಆದರೆ ಕೊಲೆ, ಅತ್ಯಾಚಾರದಂಥ ದೊಡ್ಡ ಹಿಂಸೆ ಕಡಿಮೆಯಾದ ಸೂಚನೆ ಸಿಕ್ಕಿತು. ಕಾರಣ ಊಹಿಸಬಹುದು. ಕಳ್ಳ ಲೆಕ್ಕ ಹಾಕಿ ಬರುತ್ತಾನೆ, ಇಲ್ಲಿ ಆಗದಿದ್ದರೆ ಅಲ್ಲಿ ಅನ್ನುತ್ತಾನೆ. ಚಾಕು ಹಾಕುವವನು ಬಹಳ ಸಲ ಆ ಹೊತ್ತಿನ ಸಿಟ್ಟಿನಲ್ಲಿ ಹಾಕುತ್ತಾನೆ, ಆ ಹೊತ್ತು ದಾಟಿದರೆ ದಾಟಿತು.

ಗಮನಿಸಿ, ಇಲ್ಲಿ ಕೆಲಸ ಮಾಡಿದ್ದು ಪೊಲೀಸರು ಅಲ್ಲಿ ಇದ್ದದ್ದು. ಹೊಡೆದದ್ದಲ್ಲ.

ಹೊಡೆತಕ್ಕೆ ಬರೋಣ. ‘ದಂಡಂ ದಶಗುಣಂ’ ಅನ್ನುವವರು ಎರಡು ಬೇರೆ ವಿಷಯ ಬೆರೆಸುತ್ತಾರೆ. ಸಿಕ್ಕಿಬೀಳುತ್ತೇನೆ ಅನ್ನುವ ಭಯ ಬೇರೆ, ಸಿಕ್ಕಿಬಿದ್ದ ಮೇಲೆ ಮೈ ಮುರಿಯುವ ಹಾಗೆ ಹೊಡೆತ ಬೀಳುತ್ತದೆ ಅನ್ನುವ ಭಯ ಬೇರೆ. ಅಪರಾಧ ತಡೆಯುವುದು ಹೆಚ್ಚಾಗಿ ಮೊದಲನೆಯದು ಅನ್ನುವ ವಿಷಯದಲ್ಲಿ ಈ ಕ್ಷೇತ್ರದವರಲ್ಲಿ ಅಷ್ಟೇನೂ ಜಗಳ ಇಲ್ಲ. ಅನುಮಾನ ಬಂದವರನ್ನೆಲ್ಲ ಎತ್ತಿಕೊಂಡು ಹೋಗಿ ಬೆಂಡೆತ್ತುವ ಠಾಣೆಯಲ್ಲಿ ಈ ಮೊದಲನೆಯ ಭಯವೇ ಕರಗುತ್ತದೆ. ತಪ್ಪು ಮಾಡಿದರೂ ಹೊಡೆತ, ಮಾಡದಿದ್ದರೂ ಹೊಡೆತ ಅಂದಮೇಲೆ ಮಾಡದೇ ಇರುವುದರಿಂದ ಸಿಗುವ ಲಾಭವೇನು?

‘ಒದ್ದು ಬಾಯಿ ಬಿಡಿಸೋದು’ ಅಂತ ಒಂದಿದೆಯಲ್ಲ, ಅದರಿಂದ ಹೊರಗೆ ಬರುವುದು ಒದೆಯುವವನಿಗೆ ಬೇಕಾದ ಉತ್ತರ. 1974ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಇಡೀ ದೇಶಕ್ಕೆ ಸಿಟ್ಟು. ಆರು ಜನರನ್ನು ಹಿಡಿದರು, ನಾಲ್ಕು ಜನ ತಪ್ಪೊಪ್ಪಿಗೆಗೆ ಸಹಿ ಹಾಕಿದರು, 1975ರಲ್ಲಿ ಆರೂ ಜನರಿಗೆ ಜೀವಾವಧಿ ಆಯಿತು. ಹೊಡೆದು ಬರೆಸಿಕೊಂಡರು ಅಂತ ಅವರು ಹೇಳುತ್ತಲೇ ಇದ್ದರು. 1991ರಲ್ಲಿ ಶಿಕ್ಷೆ ರದ್ದಾಗಿ ಹೊರಗೆ ಬಂದಾಗ 16 ವರ್ಷ ಕಳೆದಿತ್ತು. ಆ ಹದಿನಾರು ವರ್ಷ ನಿಜವಾಗಿ ಬಾಂಬ್ ಇಟ್ಟವರು ಎಲ್ಲಿದ್ದರು ಅಂತ ಒಂದು ಸಲ ಯೋಚಿಸಿ. ಇಂಥ ಪ್ರಕರಣಗಳ ಪೆಟ್ಟಿನಿಂದಲೇ ಇಂಗ್ಲೆಂಡಿನ ಪೊಲೀಸರು 90ರ ದಶಕದ ಶುರುವಿನಲ್ಲಿ ವಿಚಾರಣೆಯ ರೀತಿಯನ್ನೇ ಬದಲಾಯಿಸಿಕೊಂಡರು. ತಪ್ಪೊಪ್ಪಿಗೆ ಕೀಳುವುದು ಬಿಟ್ಟು ಮಾಹಿತಿ ಕೇಳುವುದು. ಕೇಳಲು ಸಪ್ಪೆ ಅನಿಸುತ್ತದೆ, ಆದರೆ ಅಲ್ಲೇನೂ ಪೊಲೀಸ್ ವ್ಯವಸ್ಥೆ ಮುಳುಗಿಹೋಗಲಿಲ್ಲ.

‘ನಿಯಮ ಹಾಕಿದರೆ ಪೊಲೀಸರ ಕೈ ಕಟ್ಟಿದ ಹಾಗೆ, ಅವರೇ ಸಾಯುತ್ತಾರೆ’ ಅನ್ನುವ ಮಾತೂ ನಿಮ್ಮ ಸಭೆಯಲ್ಲಿ ಬಂದೇ ಬರುತ್ತದೆ. ನ್ಯೂಯಾರ್ಕಿನ ಕಥೆ ಹೇಳಿ. 1971ರಲ್ಲಿ ಅಲ್ಲಿನ ಪೊಲೀಸರ ಗುಂಡಿಗೆ 93 ಜನ ಸತ್ತಿದ್ದರು. 1972ರಲ್ಲಿ ಇಲಾಖೆ ಗುಂಡು ಹಾರಿಸುವ ನಿಯಮ ಬಿಗಿ ಮಾಡಿತು, ಹಾರಿಸಿದ ಪ್ರತಿ ಗುಂಡಿಗೂ ವರದಿ ಬರೆಯಬೇಕು, ಅದನ್ನು ಒಂದು ಸಮಿತಿ ಪರಿಶೀಲಿಸಬೇಕು ಅಂತ ಮಾಡಿತು. ಪೊಲೀಸರು ಅವರೇ, ಬೀದಿಗಳು ಅವೇ. ಆದರೂ ಗುಂಡು ಹಾರುವುದು ಕೆಲವೇ ವರ್ಷಗಳಲ್ಲಿ ಗಣನೀಯವಾಗಿ ಇಳಿಯಿತು. ಗುಂಡಿಗೆ ಸಿಕ್ಕ ಪೊಲೀಸರ ಸಂಖ್ಯೆಯೂ ಇಳಿಯಿತು.

ಗ್ಯಾಂಗುಗಳನ್ನು ಮಟ್ಟ ಹಾಕಲು ತುರ್ತು ಸ್ಥಿತಿ ಹೇರಿ ಜನರನ್ನು ಸಾರಾಸಗಟಾಗಿ ಜೈಲಿಗೆ ತುಂಬಿದ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಹೆಸರು ಎತ್ತದೆ ಈ ಚರ್ಚೆ ಈಗ ಮುಗಿಯುವುದಿಲ್ಲ. ನಿಮ್ಮ ಸಂಘದಲ್ಲೂ ಯಾರಾದರೂ ವಿಡಿಯೊ ತೋರಿಸಿರುತ್ತಾರೆ, ಬೋಳಿಸಿದ ತಲೆಗಳ ಸಾಲು ಸಾಲು ಕೈದಿಗಳು. ಅದನ್ನು ತಳ್ಳಿಹಾಕುವುದು ಪ್ರಾಮಾಣಿಕತೆ ಅಲ್ಲ. ಅಲ್ಲಿ ಕೊಲೆ ಇಳಿದಿದೆ, ಬಹಳ ಇಳಿದಿದೆ. 2015ರಲ್ಲಿ ಲಕ್ಷ ಜನಕ್ಕೆ ನೂರಕ್ಕೂ ಹೆಚ್ಚು ಕೊಲೆ ನಡೆಯುತ್ತಿದ್ದ ದೇಶ ಅದು. 2023ರ ಸರ್ಕಾರಿ ಲೆಕ್ಕ ಲಕ್ಷಕ್ಕೆ ಮೂರಕ್ಕಿಂತ ಕೆಳಗೆ. ಆದರೆ ಅದೇ ಕಥೆಯಲ್ಲಿ ಇನ್ನೂ ಕೆಲವು ಪುಟಗಳಿವೆ. 2003ರಲ್ಲೂ ಅಲ್ಲಿ ‘ಕಠಿಣ ಹಸ್ತ’ ಅಂತ ಇಂಥದ್ದೇ ಕಾರ್ಯಾಚರಣೆ ನಡೆದಿತ್ತು. ಗ್ಯಾಂಗಿನವರನ್ನು ಜೈಲಿಗೆ ತುಂಬಿದರು, ಅವರು ಅಲ್ಲೇ ಕೂತು ಇನ್ನೂ ಚೆನ್ನಾಗಿ ಸಂಘಟಿತರಾದರು, ಕೊಲೆ ಏರಿತು. ಎರಡನೆಯದು, 2022ರ ಮಾರ್ಚ್‌ನಲ್ಲಿ ತುರ್ತು ಸ್ಥಿತಿ ಹೇರುವ ಹೊತ್ತಿಗೇ ಕೊಲೆಯ ದರ 2015ಕ್ಕಿಂತ ಬಹಳ ಕೆಳಗೆ ಬಂದಿತ್ತು. ಮೂರನೆಯದು ನಿಮ್ಮ ಹೆಂಡತಿ ಕೇಳಿದ ಪ್ರಶ್ನೆ. 70 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು, ಅದರಲ್ಲಿ ಸಾವಿರಾರು ಜನರನ್ನು ಆಮೇಲೆ ಸರ್ಕಾರವೇ ಬಿಟ್ಟು ಕಳಿಸಿತು. ಬಿಡುವವರೆಗೆ ತಿಂಗಳುಗಟ್ಟಲೆ ಅವರು ಒಳಗಿದ್ದರು. ಬೇಕಾದರೆ ಆ ಬೆಲೆ ಸರಿ ಅನ್ನಿ, ಅಲ್ಲಿನ ಬಹಳ ಜನ ಹಾಗೆ ಅನ್ನುತ್ತಾರೆ. ಆದರೆ ಬೆಲೆ ಕಟ್ಟುವುದು ಯಾರ ಮಗ ಅಂತ ಗೊತ್ತಿಟ್ಟುಕೊಂಡು ಅನ್ನಬೇಕು.

ಈಗ ಮೂಲಕ್ಕೆ ಬರುತ್ತೇನೆ. ಪೊಲೀಸರು ಯಾಕೆ ಹೊಡೆಯುತ್ತಾರೆ? ‘ಕೆಟ್ಟವರು ಇದ್ದಾರೆ’ ಅನ್ನುವುದು ಸುಲಭದ ಉತ್ತರ. ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಒಂದು ಠಾಣೆಯಲ್ಲಿ ಎರಡು ವಾರ ಬೆಂಚಿನ ಮೇಲೆ ಕೂತು ನೋಡಿದ್ದನ್ನು ಹೇಳುತ್ತೇನೆ, ಊರು ಹೆಸರು ಬೇಡ. ಗೋಡೆಯ ಮೇಲೆ ಕಪ್ಪು ಹಲಗೆ, ಅದರಲ್ಲಿ ಸೀಮೆಸುಣ್ಣದಲ್ಲಿ ಬಾಕಿ ಕೇಸುಗಳ ಸಂಖ್ಯೆ. ಇನ್‌ಸ್ಪೆಕ್ಟರ್ ಮೇಜಿನ ಫೋನ್ ಗಂಟೆಗೊಂದು ಸಲ ಹೊಡೆದುಕೊಳ್ಳುತ್ತಿತ್ತು. ಆ ಕಡೆಯಿಂದ ಒಂದೇ ಪ್ರಶ್ನೆ, ‘ಏನಾಯ್ತು?’ ಈ ಕಡೆಯಿಂದ ಒಂದೇ ಉತ್ತರ, ‘ಆಗುತ್ತೆ ಸರ್.’ ಮೂಲೆಯಲ್ಲಿ ನೆಲದ ಮೇಲೆ ಒಬ್ಬ ಹುಡುಗ, ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಜೀಪು ಹತ್ತಿಸುವಾಗ ಬಿದ್ದುಹೋಗಿರಬೇಕು. ಹಿಂದಿನ ದಿನ ಬೆಳಗ್ಗೆಯಿಂದ ಡ್ಯೂಟಿಯಲ್ಲಿದ್ದ ಪೇದೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ಮನೆ ಕಳ್ಳತನ ಮಾಡಿದ್ದು ಇವನೇನಾ ಅಂತ ಕೇಳಿದೆ. ಕಣ್ಣು ಬಿಡದೆಯೇ ಹೇಳಿದ, ‘ಇವನಲ್ಲದೇ ಇರಬಹುದು ಸರ್. ಆದರೆ ಸಂಜೆಯೊಳಗೆ ಒಬ್ಬ ಬೇಕಲ್ಲ.’

ಆ ಪೇದೆ ರಾಕ್ಷಸನೇನಲ್ಲ. ನನಗೆ ಊಟ ಆಯ್ತಾ ಅಂತ ದಿನಾ ವಿಚಾರಿಸುತ್ತಿದ್ದ ಮನುಷ್ಯ. ಬೆರಳಚ್ಚು ತೆಗೆಯುವವರು ಬರಲು ನಾಲ್ಕು ದಿನ ಬೇಕು, ಸಾಕ್ಷಿ ಹುಡುಕಲು ಜನ ಇಲ್ಲ, ಮೇಲಿನಿಂದ ಸಂಜೆಯ ಗಡುವು. ಕೈಗೆ ಸಿಗುವ ಸಾಧನ ಒಂದೇ, ಲಾಠಿ. ಹಲಗೆಯ ಮೇಲಿನ ಸಂಖ್ಯೆ ಮರುದಿನ ಒಂದು ಕಡಿಮೆಯಾಗಿತ್ತು.

ಇದಕ್ಕೆ ದೊಡ್ಡ ಪ್ರಮಾಣದ ಸಾಕ್ಷ್ಯವೂ ಇದೆ. ಬಿಯಾಟ್ರಿಜ್ ಮಗಾಲೋನಿ ಅನ್ನುವ ರಾಜ್ಯಶಾಸ್ತ್ರಜ್ಞೆ ಮತ್ತು ಅವರ ಸಹೋದ್ಯೋಗಿ ಮೆಕ್ಸಿಕೊದ ಹತ್ತಾರು ಸಾವಿರ ಕೈದಿಗಳನ್ನು ಮಾತಾಡಿಸಿದ ಸಮೀಕ್ಷೆಯನ್ನು ಕೆದಕಿ ನೋಡಿದರು. ಬಂಧಿಸಿದಾಗ ಏನೇನು ಮಾಡಿದರು ಅಂತ ಕೇಳಿದ್ದ ಸಮೀಕ್ಷೆ ಅದು. ಅಲ್ಲಿ 2006ರ ಕೊನೆಯಿಂದ ಡ್ರಗ್ಸ್ ವಿರುದ್ಧ ಸೇನೆಯನ್ನು ಬೀದಿಗಿಳಿಸಿದ್ದರು. ಇನ್ನೊಂದು ಕಡೆ 2008ರಲ್ಲಿ ಸಂವಿಧಾನ ತಿದ್ದಿ, ನ್ಯಾಯಾಧೀಶರ ಮುಂದೆ ಬಹಿರಂಗವಾಗಿ ಸಾಕ್ಷ್ಯ ಪರೀಕ್ಷಿಸುವ ಹೊಸ ವಿಚಾರಣಾ ಪದ್ಧತಿಯನ್ನು ತಂದರು. ಅದು ಒಂದೊಂದು ರಾಜ್ಯದಲ್ಲಿ ಒಂದೊಂದು ವರ್ಷ ಜಾರಿಗೆ ಬಂತು, ಹಾಗಾಗಿ ಹೋಲಿಸಿ ನೋಡಲು ಅನುಕೂಲ ಆಯಿತು. ಸೇನೆ ಸೇರಿಕೊಂಡ ಕಡೆ ಚಿತ್ರಹಿಂಸೆ ಏರಿತ್ತು. ಹೊಸ ಪದ್ಧತಿ ಬಂದ ಕಡೆ ಇಳಿದಿತ್ತು. ಹೊಡೆದು ಬರೆಸಿದ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲದಿದ್ದರೆ ಹೊಡೆಯುವ ಕಷ್ಟ ಯಾಕೆ, ಅಲ್ವಾ?

ಮತ್ತೆ, ಈ ಗಡುವು ಕೊಡುವ ಮೇಲಧಿಕಾರಿಗೆ ಗಡುವು ಕೊಡುವವರು ಯಾರು? ಇಲ್ಲಿ ಸ್ವಲ್ಪ ಕಹಿ ಮಾತು. ಬಹಳ ಸಲ ನಾವೇ. ಬ್ರೆಜಿಲ್‌ನಲ್ಲಿ ಒಂದು ನಾಣ್ಣುಡಿ ಇದೆ, ‘ಸತ್ತ ಕಳ್ಳನೇ ಒಳ್ಳೆ ಕಳ್ಳ’ ಅಂತ. ಅದನ್ನು ಹೇಳಿಕೊಂಡೇ ಅಲ್ಲಿ ಚುನಾವಣೆ ಗೆದ್ದವರಿದ್ದಾರೆ. ಅಲ್ಲಿ ಪೊಲೀಸರ ಕೈಯಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ 6 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಬ್ರೆಜಿಲ್, ಅರ್ಜೆಂಟೀನಾ, ಕೊಲಂಬಿಯಾದ ಪೊಲೀಸರ ಬಗ್ಗೆ ಕೆಲಸ ಮಾಡಿದ ಯಾನಿಲ್ಡಾ ಗೊನ್ಜಾಲೆಜ್ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದಾರೆ. ಪ್ರಜಾಪ್ರಭುತ್ವ ಬಂದ ಮೇಲೂ ಪೊಲೀಸರು ಹಳೇ ಸರ್ವಾಧಿಕಾರದ ಚಾಳಿಯಲ್ಲೇ ಉಳಿಯುವುದು ಪ್ರಜಾಪ್ರಭುತ್ವ ಸೋತಿದ್ದಕ್ಕಲ್ಲ. ಜನರಲ್ಲೇ ಅರ್ಧ ಜನ ‘ಹೊಡೀರಿ’ ಅನ್ನುತ್ತಾರೆ, ಅರ್ಧ ಜನ ‘ನಿಲ್ಲಿಸಿ’ ಅನ್ನುತ್ತಾರೆ, ರಾಜಕಾರಣಿ ಏನೂ ಮಾಡದೆ ಕೂರುತ್ತಾನೆ. ನಿಮ್ಮ ಮನವಿ ಅಂದರೆ ಸುಮ್ನೆ ಒಂದು ಕಾಗದ ಅಂದುಕೊಳ್ಳಬೇಡಿ. ಆ ಪೇದೆಗೆ ಸಂಜೆಯ ಗಡುವು ಹುಟ್ಟುವುದು ಇಂಥ ಕಾಗದಗಳಿಂದ.

ಹಾಗಾದರೆ ಏನು ಕೇಳಬಹುದು?

ವಿಶೇಷ ಪಡೆ ಬೇಡ ಅನ್ನುತ್ತೇನೆ. ಹೊರಗಿನಿಂದ ಬಂದವರಿಗೆ ಯಾರ ಮುಖವೂ ಗೊತ್ತಿರುವುದಿಲ್ಲ, ನಿಮ್ಮ ಮಗನದ್ದೂ ಸೇರಿ. ಅವರು ಹೋಗುವ ದಿನ ಹೋಗುತ್ತಾರೆ, ಉಳಿದ ಸಿಟ್ಟು ಬೀದಿಯಲ್ಲೇ ಉಳಿಯುತ್ತದೆ. ಅದರ ಬದಲು ಜಾಗ, ಹೊತ್ತು ಹೆಸರಿಸಿ ಗಸ್ತು ಕೇಳಿ. ಆ ತಿರುವು, ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆ, ವಾರದಲ್ಲಿ ಯಾವ ದಿನ ಗಲಾಟೆ ಜಾಸ್ತಿಯೋ ಆ ದಿನ. ಆರು ತಿಂಗಳ ಗಲಾಟೆಯನ್ನು ಒಂದು ಹಾಳೆಯಲ್ಲಿ ದಿನಾಂಕ, ಸಮಯ ಸಮೇತ ಬರೆಯಿರಿ, ನಮೂನೆ ತಾನೇ ಕಾಣುತ್ತದೆ. ಆದರೆ ಇದರಲ್ಲೂ ಅಪಾಯ ಇದೆ. ಅಲ್ಲಿ ನಿಂತ ಪೊಲೀಸರು ಹೋಗಿ ಬರುವ ಹುಡುಗರನ್ನೆಲ್ಲ ನಿಲ್ಲಿಸಿ ಜೇಬು ತಡಕಲು ಶುರು ಮಾಡಿದರೆ ಕೆಲಸ ಕೆಟ್ಟಿತು. ಎರಡು ತಿಂಗಳಾದ ಮೇಲೆ ಸಂಘದ ಜೊತೆ ಕೂತು ಎಷ್ಟು ಜನರನ್ನು ತಡೆದಿರಿ, ಯಾಕೆ ಅಂತ ಲೆಕ್ಕ ಕೊಡಿ ಅಂತ ಅದೇ ಮನವಿಯಲ್ಲಿ ಬರೆಯಿರಿ.

ಪೊಲೀಸರ ಜೊತೆ ಜನಸಂಪರ್ಕ ಸಭೆ ಮಾಡೋಣ ಅನ್ನುವವರೂ ಇರುತ್ತಾರೆ. ಮಾಡಿ, ಆದರೆ ಅದೊಂದರಿಂದ ಪವಾಡ ಆಗುವುದಿಲ್ಲ. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಾ, ಆರು ದೇಶಗಳಲ್ಲಿ ಒಟ್ಟಿಗೆ ಪ್ರಯೋಗ ಮಾಡಿದರು, 2021ರಲ್ಲಿ ಫಲಿತಾಂಶ ಬಂತು. ಅಪರಾಧವೂ ಇಳಿಯಲಿಲ್ಲ, ನಂಬಿಕೆಯೂ ಏರಲಿಲ್ಲ. ಸಭೆಗೆ ಬಂದಿದ್ದ ಅಧಿಕಾರಿ ಮುಂದಿನ ಸಭೆಯೊಳಗೆ ವರ್ಗ ಆಗಿರುತ್ತಾನೆ, ಜನ ಹೇಳಿದ್ದರ ಹಿಂದೆ ಹೋಗಲು ಠಾಣೆಯಲ್ಲಿ ಜನ, ಗಾಡಿ ಇರುವುದಿಲ್ಲ. ಅದಕ್ಕೆ ಹೋಲಿಸಿದರೆ ದೂರು ಬರೆದುಕೊಳ್ಳುವ ಜಾಗ ಸರಿ ಮಾಡಿದ್ದು ಹೆಚ್ಚು ಕೆಲಸ ಮಾಡಿದೆ. ಮಧ್ಯಪ್ರದೇಶದ 180 ಠಾಣೆಗಳ ಪ್ರಯೋಗದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸಹಾಯ ಮೇಜು ಇಟ್ಟ ಕಡೆ ದೂರು ದಾಖಲಾಗುವುದು ಏರಿತು, ಮೇಜಿನ ಹಿಂದೆ ಮಹಿಳಾ ಅಧಿಕಾರಿ ಕೂತ ಕಡೆ ಇನ್ನೂ ಜಾಸ್ತಿ. ಅಂಕಿ ಏರಿತು ಅಂತ ಗಾಬರಿಯಾಗಬೇಡಿ, ಮುಚ್ಚಿಹೋಗುತ್ತಿದ್ದದ್ದು ಕಾಗದಕ್ಕೆ ಬಂತು ಅಷ್ಟೇ.

ಪೊಲೀಸರ ಎದೆಗೆ ಕ್ಯಾಮೆರಾ ಹಾಕಿಸೋಣ ಅನ್ನುವವರಿಗೆ ವಾಷಿಂಗ್‌ಟನ್ ನಗರದ 2,224 ಪೊಲೀಸರ ಮೇಲೆ ನಡೆದ ಪ್ರಯೋಗ ನೆನಪಿಸಿ. ಬಲಪ್ರಯೋಗದಲ್ಲಿ ಗುರುತಿಸುವಂಥ ವ್ಯತ್ಯಾಸ ಸಿಗಲಿಲ್ಲ. ಕ್ಯಾಮೆರಾದ ಚಿತ್ರವನ್ನು ಆಮೇಲೆ ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಅನ್ನುವುದೇ ಮುಖ್ಯ.

ಪೊಲೀಸರ ಕೈಲಿ ಆಗದ ಎರಡು ಕೆಲಸ. ಒಂದು, ಬೆಳಕು. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ದೊಡ್ಡ ದೀಪದ ಕಂಬಗಳನ್ನು ಇಟ್ಟು ನೋಡಿದಾಗ ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಎರಡು, ಆ ಹುಡುಗರು. ಲೈಬೀರಿಯಾದ ಮನ್ರೋವಿಯಾದಲ್ಲಿ ಕಳ್ಳತನ, ಹೊಡೆದಾಟದಲ್ಲೇ ಇದ್ದ 999 ಗಂಡಸರನ್ನು ಗುಂಪು ಮಾಡಿ, ಒಂದು ಗುಂಪಿಗೆ ಎಂಟು ವಾರ ಸಿಟ್ಟು ತಡೆದುಕೊಳ್ಳುವ, ಮುಂದಿನದು ಯೋಚಿಸುವ ತರಬೇತಿ ಕೊಟ್ಟರು, ಕೊನೆಯಲ್ಲಿ ಕೈಗೆ 200 ಡಾಲರ್. ಹತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗಿ ನೋಡಿದರೆ ಅವರಲ್ಲಿ ಅಪರಾಧ, ಹಿಂಸೆ ಉಳಿದವರಿಗಿಂತ ಸುಮಾರು ಅರ್ಧದಷ್ಟಿತ್ತು. ನನಗೇ ನಂಬಲು ಸ್ವಲ್ಪ ಸಮಯ ಬೇಕಾಯಿತು. ನಿಮ್ಮ ಸಂಘದಿಂದ ಅಷ್ಟೆಲ್ಲ ಆಗಲಿಕ್ಕಿಲ್ಲ, ಆದರೆ ಎರಡೂ ಗುಂಪಿನ ಹುಡುಗರ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಅವರ ಹತ್ತಿರ ಕೂತು ಮಾತಾಡಬಲ್ಲವರು ಯಾರು ಅಂತ ಯೋಚಿಸಿ. ಅವರೇನೂ ಹೊರಗಿನವರಲ್ಲ.

ಮಗನಿಗೆ ಒಂದಿಷ್ಟು ಹೇಳಿಡಿ. ಗುರುತಿನ ಚೀಟಿ ಜೇಬಲ್ಲಿರಲಿ, ನಿಲ್ಲಿಸಿದರೆ ಓಡಬೇಡ, ವಾದ ಬೇಡ, ನಿಲ್ಲಿಸಿದವರ ಹೆಸರು, ಹೊತ್ತು ನೆನಪಿಟ್ಟುಕೋ ಅಂತ. ನೀವೇ ಒಂದು ದಿನ ಬೀಟ್ ಪೊಲೀಸರ ಹತ್ತಿರ ಹೋಗಿ ‘ಇವನು ನನ್ನ ಮಗ, ಈ ಹೊತ್ತಿಗೆ ಬರ್ತಾನೆ’ ಅಂತ ಪರಿಚಯ ಮಾಡಿಸಿ. ಇದು ನ್ಯಾಯವಲ್ಲ, ಯಾರ ಮಗನಿಗೂ ಇದು ಬೇಕಾಗಬಾರದು. ಆದರೂ ಮಾಡಿ.

ಕೊನೆಗೆ, ನಿಮ್ಮ ಪತ್ರದಲ್ಲಿ ಒಂದು ವಿಷಯ ಎಲ್ಲೂ ಇಲ್ಲ. ಚಾಕು ಹಾಕಿದವನು ಸಿಕ್ಕನಾ? ಸಂಘದ ಮನವಿಯಲ್ಲೂ ಇಲ್ಲ ಅನಿಸುತ್ತದೆ. ಎಲ್ಲರನ್ನೂ ಹಿಡಿಯಿರಿ ಅಂತ ಇದೆ, ಅವನನ್ನು ಹಿಡಿಯಿರಿ ಅಂತ ಇಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲಿ ಹತ್ತರಲ್ಲಿ ಒಂಬತ್ತು ಕೊಲೆ ಕೇಸುಗಳು ಪತ್ತೆಯಾಗುತ್ತಿದ್ದವು, 2020ರ ಆಸುಪಾಸಿನಲ್ಲಿ ಅದು ಹತ್ತರಲ್ಲಿ ಸುಮಾರು ಐದಕ್ಕೆ ಇಳಿದಿತ್ತು. ಪತ್ತೆಯಾಗದ ಕಡೆ ಸತ್ತವನ, ಗಾಯಗೊಂಡವನ ಗೆಳೆಯರೇ ಲೆಕ್ಕ ಚುಕ್ತಾ ಮಾಡಲು ಹೊರಡುತ್ತಾರೆ. ಗುಂಪು ಹೊಡೆದಾಟ ಮುಂದುವರಿಯುವುದು ಹೀಗೇ. ಈ ಮನವಿಗೆ ಸಹಿ ಹಾಕಬೇಡಿ, ಆದರೆ ಹರಿದೂ ಹಾಕಬೇಡಿ. ವಾಪಸ್ ತಂದು ಮೊದಲ ಸಾಲು ಬದಲಾಯಿಸಿ. ದಿನಾಂಕ ಹಾಕಿ, ಆ ರಾತ್ರಿಯ ಕೇಸು ಎಲ್ಲಿಗೆ ಬಂತು, ತನಿಖೆ ಯಾರ ಕೈಯಲ್ಲಿದೆ, ಸಾಕ್ಷಿಗಳನ್ನು ಮಾತಾಡಿಸಿದ್ದಾರಾ ಅಂತ ಕೇಳಿ. ಅದಕ್ಕೆ ಧಾರಾಳವಾಗಿ ಸಹಿ ಹಾಕಿ.